ಹಾಳೆಯ ಅಂಚಿಗೆ ನಿಂತ ಓಣಿ

ಮಾರ್ಚ್ ೪

ಬೆಳಿಗ್ಗೆಯಿಂದ ಹೊಸ ಲೇಔಟಿನ ನಕ್ಷೆ. ಕುತ್ತಿಗೆ ಹಿಡಿದುಕೊಂಡಿದೆ. ಹಳೇ ಓಣಿ ಈ ಜಾಗವನ್ನು ಹಾದೇ ಬಸ್ ರಸ್ತೆಗೆ ಸೇರುವುದು. ಅದನ್ನು ಉಳಿಸಿದರೆ ಮೂಲೆ ಸೈಟು ಹೋಗುತ್ತದೆ. ಸಾಹೇಬರು, "ಹಾಳೆ ಅಂಚಲ್ಲೇ ನಿಲ್ಲಿಸಿಬಿಡಮ್ಮ. ಆಚೆದು ನಮ್ಮ ತಲೆನೋವಲ್ಲ" ಅಂದರು. ನಮ್ಮ ಆಫೀಸಿನ ಪದ್ಧತಿಯೇ ಅದು — ಒಂದೊಂದು ಲೇಔಟಿಗೆ ಒಂದೊಂದು ಹಾಳೆ, ಅಂಚಿನಾಚೆ ಖಾಲಿ. ಎರಡು ಹಾಳೆ ಜೋಡಿಸಿ ನೋಡುವವರೇ ಇಲ್ಲ. ಓಣಿಗೆ ಅಡ್ಡ ಗೆರೆ ಎಳೆದೆ.

ಆ ಓಣಿಯಲ್ಲೇ ಅಕ್ಕನ ಹೊಲಿಗೆ ಅಂಗಡಿ. ನೆನಪಾಗಲಿಲ್ಲ ಎಂದರೆ ಸುಳ್ಳು. ಜನ ಹೇಗೋ ದಾರಿ ಮಾಡಿಕೊಳ್ಳುತ್ತಾರೆ ಅಂದುಕೊಂಡೆ.

ಆಗಸ್ಟ್ ೧೯

ನಾನು ಗೆರೆ ಎಳೆದಲ್ಲೇ ಗೋಡೆ ಎದ್ದಿದೆ. ಆಳೆತ್ತರ. ಬಸ್ಸಿಗೆ ಹೋಗುವವರೆಲ್ಲ ಈಗ ಇನ್ನೊಂದು ಕಡೆಯಿಂದ ಸುತ್ತಿ ಹೋಗುತ್ತಾರೆ. ಓಣಿಗೆ ಕಾಲಿಡುವವರಿಲ್ಲ.

ಅಕ್ಕನ ಫೋನ್. "ನೊಣ ಹೊಡ್ಕೊಂಡು ಕೂತಿದೀನಿ ಕಣೇ. ಯಾವ ಪುಣ್ಯಾತ್ಮ ಹಾಕಿಸಿದ್ನೋ ಈ ಗೋಡೇನ! ನಿಮ್ಮ ಆಫೀಸಲ್ಲಿ ಸ್ವಲ್ಪ ಹೇಳೇ."

ಹೂಂ ಅಂದೆ. ಥೂ, ನನ್ನ ಬಾಯಿಗಿಷ್ಟು...

ಅಕ್ಟೋಬರ್ ೭, ಮಧ್ಯಾಹ್ನ

ಓಣಿಯವರು ದೂರು ಕೊಟ್ಟಿದ್ದಾರೆ. ಸ್ಥಳ ನೋಡಲು ಹೋದೆವು. ಸಾಹೇಬರ ಹಿಂದೆ ನಾನು. ಜನರ ನಡುವೆ ಅಕ್ಕ, ಕೊರಳಲ್ಲಿ ಅಳತೆ ಟೇಪು. ನನ್ನನ್ನು ಕಂಡು ಮುಖ ಅರಳಿತು. "ನನ್ನ ತಂಗಿ ಬಂದ್ಲು, ಇನ್ನು ಚಿಂತೆ ಇಲ್ಲ" ಎಂದು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು.

ಸಾಹೇಬರು ಎಲ್ಲರೆದುರು ಕೇಳಿದರು. "ಏನಮ್ಮ, ಇಲ್ಲಿ ಮೊದಲು ದಾರಿ ಇತ್ತಾ?"

ಕೇಳಿದ ದನಿಯಲ್ಲೇ ಉತ್ತರವೂ ಇತ್ತು. ದಾರಿ ಇತ್ತು ಅಂದರೆ, ಅಳಿಸಿದ್ದು ಯಾರು ಎಂದು ಕೇಳುತ್ತಾರೆ. ಅವರು ಕೈ ತೊಳೆದುಕೊಳ್ಳುತ್ತಾರೆ, ನನ್ನ ಕೆಲಸ ಹೋಗುತ್ತದೆ.

"ನಕ್ಷೆಯಲ್ಲಿ ಇಲ್ಲ, ಸರ್."

ಇದೇ ದಾರಿಯಲ್ಲಿ ನನ್ನ ಕೈ ಹಿಡಿದು ಶಾಲೆಗೆ ಬಿಡುತ್ತಿದ್ದವಳು ಅಕ್ಕ. ಏನೋ ಹೇಳಲು ಬಾಯಿ ತೆರೆದಳು. ಮುಚ್ಚಿಕೊಂಡಳು. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಿದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಕ್ಟೋಬರ್ ೮

ಅಕ್ಕನೇ ಫೋನ್ ಮಾಡಿದಳು. "ದೊಡ್ಡವರ ಮುಂದೆ ನೀನೇನು ಮಾಡಕ್ಕಾಗುತ್ತೆ, ಬಿಡು. ಊಟ ಮಾಡಿದ್ಯಾ?"

ಬಾಯಿಗೆ ಬಂದಂತೆ ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ ೫, ಭಾನುವಾರ

ಅಕ್ಕ ಅಂಗಡಿ ಖಾಲಿ ಮಾಡಿದ್ದಾಳೆ. ಇನ್ನು ಮೇಲೆ ನಮ್ಮ ಮನೆಯ ಮುಂದಿನ ರೂಮಿನಲ್ಲೇ ಹೊಲಿಯುತ್ತಾಳಂತೆ. ನಮ್ಮ ಯಜಮಾನರೇ ಸೋಫಾ ಸರಿಸಿ ಜಾಗ ಮಾಡಿದರು. "ನೀನಿಲ್ದಿದ್ರೆ ಬೀದಿಪಾಲಾಗ್ತಿದ್ದೆ ಕಣೇ" ಅಂದಳು ಬೆಳಿಗ್ಗೆ ಫೋನಿನಲ್ಲಿ.  ಬೇಗ ಬಾ ಎಂದು ಫೋನ್ ಇಟ್ಟೆ.

ಗೇಟಿನ ಹತ್ತಿರ ಆಟೋ ನಿಂತಿತು. ಅಕ್ಕನ ಕೂಗು. "ಏ ಇವಳೇ, ಮಷೀನಿಗೊಂದು ಕೈ ಹಾಕು ಬಾರೇ!"

ಒಳಗೆ ತರುವ ಮೊದಲೇ ಹೇಳಬೇಕು. ಇವತ್ತೂ ಬಾಯಿ ಬಿಡದಿದ್ದರೆ ನಾನು ಮನುಷ್ಯಳೇ ಅಲ್ಲ. ಈ ಹಾಳೆಯಲ್ಲಿ ಒಂದೇ ಸಾಲಿನ ಜಾಗ ಉಳಿದಿದೆ. ಹೀಗೆ ಶುರು ಮಾಡುತ್ತೇನೆ — ಅಕ್ಕ, ಆ ಗೋಡೆ ಹಾಕಿಸಿದ್ದು