ಹತ್ತು ದಿನ ಕಣ್ಣಿಡಬೇಕಾದ ಬೆಕ್ಕು

ಜೂನ್ 2, ಸೋಮವಾರ. ಮಧ್ಯಾಹ್ನ 12.30

ಹಾಲು ಕಾಯಿಸಿ ತರಕಾರಿ ಹೆಚ್ಚಲು ಕೂತಿದ್ದೆ. ಬೂದು ಬೆಕ್ಕು ಒಳಗೆ ಬಂದು ಪಾತ್ರೆಗೇ ಬಾಯಿ ಹಾಕಿತು. ಪೊರಕೆ ತೆಗೆದುಕೊಂಡೆ. ಎಡಗೈ ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಆಳವಾಗಿಯೇ.

ಸೋಪು ಹಚ್ಚಿ ಕಾಲು ಗಂಟೆ ತೊಳೆದೆ. ಆಟೋ ಹಿಡಿದು ಸರ್ಕಾರಿ ಆಸ್ಪತ್ರೆ. ಡಾಕ್ಟರ್ ಅಕ್ಷತಾ, ಮೊಮ್ಮಗಳ ವಯಸ್ಸು. ಗಾಯದ ಸುತ್ತ ಚುಚ್ಚಿ, ತೋಳಿಗೂ ಇಂಜೆಕ್ಷನ್ ಕೊಟ್ಟರು. ಇನ್ನು 5ಕ್ಕೆ, 9ಕ್ಕೆ, 30ಕ್ಕೆ. ತಪ್ಪಿಸುವಂತಿಲ್ಲ. "ಬೆಕ್ಕಿನ ಮೇಲೆ ಹತ್ತು ದಿನ ಕಣ್ಣಿಡಿ. ಸಪ್ಪಗಾದ್ರೆ, ಸತ್ತರೆ ತಕ್ಷಣ ಬನ್ನಿ."

ವಾಪಸ್ ಬಂದರೆ ನಮ್ಮ ಗೇಟಿನಲ್ಲಿ ಎರಡನೇ ಮನೆಯ ನಂಜುಂಡಯ್ಯ. "ಕೈಗೇನಾಯ್ತು ರುದ್ರಮ್ಮೋರೆ?"

"ಈಳಿಗೆ ಮಣೆ ತಗುಲ್ತು."

ಸುಳ್ಳು ತಾನಾಗಿ ಬಂತು. ಹೋದ ವಾರವಷ್ಟೇ ಓನರ್ ಮಧುಕುಮಾರ್ ಅಂಗಳದಲ್ಲಿ ನಿಂತು ಹೇಳಿದ್ದು: "ವಯಸ್ಸಾದೋರಿಗೆ ಅಂತಲೇ ಕಟ್ಟಿಸಿದ ಮನೆಗಳಿವು. ಆ ಬೆಕ್ಕು ಯಾರಿಗಾದ್ರೂ ಕಚ್ಚಿದ್ರೆ, ಅನ್ನ ಹಾಕೋರು ಅವತ್ತೇ ಖಾಲಿ ಮಾಡ್ಬೇಕು." ಅನ್ನ ಹಾಕುವವರು ಪಕ್ಕದ ಮನೆಯ ಕಾಂತಕ್ಕ. ಎಪ್ಪತ್ನಾಲ್ಕು ವರ್ಷ. ಒಂಟಿ. ಅಂಥವರಿಗೆ ಅರಸೀಕೆರೆಯಲ್ಲಿ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು.

ಜೂನ್ 5, ಗುರುವಾರ

ಎರಡನೇ ಇಂಜೆಕ್ಷನ್. ಕಾಂತಕ್ಕನಿಗೆ ಬ್ಯಾಂಕ್‌ಗೆ ಅಂದೆ.

ಬೆಕ್ಕು ಚೆನ್ನಾಗಿ ತಿಂದಿತು. ಅವರ ಮಡಿಲಲ್ಲಿ ನಿದ್ದೆ. ಸಂಜೆ ನಂಜುಂಡಯ್ಯನವರ ಕೂಗಾಟ. ಬಿಸಿಲಿಗೆ ಹಾಕಿದ್ದ ಹಾಸಿಗೆ ಮೇಲೆ ಗಲೀಜು ಮಾಡಿದೆ. ಅವರ ಹೆಂಡತಿ ಎದ್ದು ಓಡಾಡುವವರಲ್ಲ. "ಒಗ್ಯೋನು ನಾನು ಕಣಮ್ಮ, ದಿನಾ." ಅವರದೂ ತಪ್ಪಲ್ಲ.

ಜೂನ್ 8, ಭಾನುವಾರ. ಸಂಜೆ

ನಿನ್ನೆಯಿಂದ ಬೆಕ್ಕಿಲ್ಲ. ಕಚ್ಚಿ ಇವತ್ತಿಗೆ ಆರು ದಿನ. ಕಾಂತಕ್ಕ ತಟ್ಟೆ ಹಿಡಿದು ರೈಲ್ವೆ ಗೇಟಿನವರೆಗೂ ಹುಡುಕಿ ಬಂದರು. ನಂಜುಂಡಯ್ಯ ತುಟಿ ಬಿಚ್ಚುತ್ತಿಲ್ಲ. ಅವರದೇ ಕೆಲಸ. ಎಲ್ಲಿ ಬಿಟ್ಟಿರಿ ಎಂದು ಕೇಳಿದರೆ, ನಿಮಗ್ಯಾಕೆ ಎನ್ನುತ್ತಾರೆ. ಆಗ ಏನು ಹೇಳಲಿ...

ಕಾಂತಕ್ಕ ಬಂದು ಪಕ್ಕ ಕೂತರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ ಮುಂಗೈ ಕಂಡಿತು. ಸಣ್ಣ ಸಣ್ಣ ಗೀರು. ಎರಡು ಇನ್ನೂ ಹಸಿ.

ಆರು ದಿನ ನನ್ನ ಕೈ ಮಾತ್ರ ನೋಡಿಕೊಂಡಿದ್ದೆ.

ಜೂನ್ 9, ಸೋಮವಾರ

ಮೂರನೇ ಇಂಜೆಕ್ಷನ್. ಡಾಕ್ಟರಿಗೆ ಗೀರಿನ ವಿಷಯ ಹೇಳಿದೆ. "ಅವರನ್ನ ಇವತ್ತೇ ಕರ್ಕೊಂಡು ಬನ್ನಿ. ಇಷ್ಟು ದಿನ ಏನ್ ಮಾಡ್ತಿದ್ರಿ?"

ಕಾಂತಕ್ಕ ಅಕ್ಕಿ ಆರಿಸುತ್ತಿದ್ದರು. ಎಲ್ಲ ಹೇಳಿದೆ. ಮೊರ ಕೆಳಗಿಟ್ಟರು.

"ವಾರ ಆಯ್ತೇನೇ?"

"ನಿಮ್ಮನ್ನ ಮನೆ ಬಿಡಿಸ್ತಾರೆ ಅಂತ, ಕಾಂತಕ್ಕ..."

"ದಿನಾ ಅದರ ಮೂತಿಗೆ ಮುತ್ತು ಕೊಡ್ತಿದ್ದೆ. ನೀನು ಸೂಜಿ ಚುಚ್ಚಿಸ್ಕೊಂಡು ಬಂದು ನೋಡ್ತಾ ಕೂತಿದ್ದೆ."

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಅವರಿಗೂ ಮೊದಲ ಇಂಜೆಕ್ಷನ್.

ಜೂನ್ 10, ಮಂಗಳವಾರ

ಬೆಳಿಗ್ಗೆ ಕಾಂತಕ್ಕನೇ ನಂಜುಂಡಯ್ಯನವರ ಬಾಗಿಲು ತಟ್ಟಿದರು. ನಾನು ಹಿಂದೆ.

"ರುದ್ರಮ್ಮಂಗೆ ಕಚ್ಚೈತೆ. ನಂಗೆ ಪರಚೈತೆ. ಎಲ್ಲಿ ಬಿಟ್ರಿ ಹೇಳಿ. ಆಮೇಲೆ ಓನರ್‌ಗೆ ಬೇಕಾದ್ರೆ ನೀವೇ ಹೇಳ್ಕಳಿ."

"ಗಂಡಸಿ ಊರಲ್ಲಿ, ಡೇರಿ ಹಿಂದೆ," ಅಂದರು. ತಮ್ಮ ಮಣಿಕಟ್ಟು ನೋಡಿಕೊಂಡರು. "ಗೋಣಿಚೀಲಕ್ಕೆ ಹಾಕೋವಾಗ ನಂಗೂ..." ಹೊಸ್ತಿಲ ಬಳಿಯೇ ಕೂತರು. ಒಳಗೆ ಹೆಂಡತಿ ಕೆಮ್ಮುತ್ತಿದ್ದರು. "ನಂಗೇನಾದ್ರೂ ಆದ್ರೆ ಇವಳ್ನ ಯಾರು ನೋಡ್ಕೋತಾರೆ?"

ಮಧ್ಯಾಹ್ನ ಅವರಿಗೂ ಇಂಜೆಕ್ಷನ್ ಶುರು.

ಜೂನ್ 12, ಗುರುವಾರ

ಹತ್ತನೇ ದಿನ. ನಂಜುಂಡಯ್ಯ ಮೊದಲ ಬಸ್ಸಿಗೆ ಗಂಡಸಿಗೆ ಹೋದರು. 9.40ಕ್ಕೆ ಫೋನ್. "ಐತೆ ಕಣಮ್ಮ. ಡೇರಿ ಕಟ್ಟೆ ಮೇಲೆ ಮಲಗಿತ್ತು. ನನ್ನ ಕಂಡು ಓಡೋಯ್ತು. ಗಟ್ಟಿಯಾಗೈತೆ."

ಕಾಂತಕ್ಕ ಕೇಳಿಸಿಕೊಂಡು ಒಳಗೆ ಹೋದರು.

ಸಂಜೆ ಮಧುಕುಮಾರ್ ಬಂದ. ಮೊನ್ನೆ ನಂಜುಂಡಯ್ಯ ಭಯದಲ್ಲಿ ಫೋನ್ ಮಾಡಿಬಿಟ್ಟಿದ್ದರಂತೆ. "ಕಾಂತಮ್ಮೋರೆ, ಹೇಳಿದ್ನಲ್ಲ. ಖಾಲಿ ಮಾಡಿ."

"ಬೆಕ್ಕಿನದೇನೂ ತಪ್ಪಿಲ್ಲ," ಅಂದೆ. "ಬಾಗಿಲು ಹಾಕಿ, ಮೂಲೆಗೆ ಒತ್ತಿ ಪೊರಕೆಯಲ್ಲಿ ಬಾರಿಸಿದೆ. ನಾಲ್ಕೈದು ಏಟು. ಅದಕ್ಕೇ ಕಚ್ತು." ಈ ಡೈರಿಯಲ್ಲೂ ಅದನ್ನು ಬರೆದಿರಲಿಲ್ಲ.

ನಂಜುಂಡಯ್ಯ ತಲೆ ತಗ್ಗಿಸಿ, "ನಾನು ಚೀಲಕ್ಕೆ ತುಂಬ್ದೆ," ಅಂದರು.

"ಹಂಗಾದ್ರೆ ಯಾರ್ನ ಖಾಲಿ ಮಾಡಿಸ್ಲಿ ನಾನು?"

ಇನ್ಮೇಲೆ ಕಾಂಪೌಂಡಿನೊಳಗೆ ಬೆಕ್ಕಿನ ತಟ್ಟೆ ಕಂಡರೆ ಸರಿಯಿರುವುದಿಲ್ಲ ಎಂದು ಬೈಕ್ ಹತ್ತಿದ. ಕಾಂತಕ್ಕನ ಮನೆ ಉಳಿಯಿತು. ಅವರು ನನ್ನತ್ತ ನೋಡದೆ ಒಳಗೆ ಹೋದರು.

ಜೂನ್ 19, ಗುರುವಾರ. ಬೆಳಿಗ್ಗೆ 8.10

ವಾರವಾಯಿತು. ಗೋಡೆಯಾಚೆ ಕುಕ್ಕರ್ ಕೂಗುತ್ತದೆ, ಅಷ್ಟೇ. ಸೋಮವಾರ ಕಾಂತಕ್ಕ ತಮ್ಮ ಮೂರನೇ ಇಂಜೆಕ್ಷನ್ನಿಗೆ ಒಬ್ಬರೇ ಹೋದರು. ಗೇಟಿನವರೆಗೆ ಹಿಂದೆ ಹೋಗಿ ವಾಪಸ್ ಬಂದೆ.

ಈಗ ಬಾಗಿಲಲ್ಲಿ ನಿಂತಿದ್ದಾರೆ. ಬಟ್ಟೆ ಚೀಲ, ಅದರೊಳಗೆ ಡಬ್ಬಿ. "ಎಂಟೂವರೆ ಬಸ್ಸಿಗೆ ಗಂಡಸಿಗೆ ಹೋಗ್ತೀನಿ. ಬತ್ತೀಯೇನೇ?"

"ನನ್ನ ಕಂಡ್ರೆ ಅದು ಓಡೋಗುತ್ತೆ, ಕಾಂತಕ್ಕ."

"ನೀನು ದೂರ ನಿಂತ್ಕೊಳೀವಂತೆ."

ಸೀರೆ ಬದಲಿಸಲೆಂದು ಒಳಗೆ ಬಂದವಳು ಇದನ್ನು ಬರೆಯುತ್ತಾ ಕೂತಿದ್ದೇನೆ. ಹೊರಗೆ ಚಪ್ಪಲಿ ಸದ್ದು. ಕರೆಯುತ್ತಿದ್ದಾರೆ, ಬಸ್ಸು —