ಚೆಲುವಿ ಮೇಯ್ದ ಸಾಲು

ಸುಗಟೂರು, ಭಾನುವಾರ

ಪೂಜ್ಯ ಮೇಡಂ ಅವರಿಗೆ,

ನಿಮ್ಮ ಎಂ.ಎಸ್ಸಿ. ವಿದ್ಯಾರ್ಥಿನಿ ಗಂಗಾಲಕ್ಷ್ಮಿಯ ನಮಸ್ಕಾರಗಳು.

ನನ್ನ ಪ್ರಬಂಧಕ್ಕೆಂದು ನಮ್ಮ ಹಿಪ್ಪುನೇರಳೆ ತೋಟದಲ್ಲಿ ಹೊಸ ಗೊಬ್ಬರ ಹಾಕಿ ಅಳೆಯುತ್ತಿರುವ ಮೂರನೇ ಸಾಲಿಗೆ ಕವಲು ಹೆಚ್ಚು ಬಂದಿದೆ ಎಂದು ನೀವು ಬಹಳ ಸಂತೋಷಪಟ್ಟಿರಿ. ಅದು ಗೊಬ್ಬರದ ಗುಣವಲ್ಲ, ಮೇಡಂ. ನನ್ನ ಕುದುರೆ ಚೆಲುವಿ ಆ ಸಾಲಿನ ಕುಡಿಗಳನ್ನೆಲ್ಲ ಮೇಯ್ದಿದ್ದಳು. ಕುಡಿ ಹೋದ ಗಿಡಗಳು ಪಕ್ಕಕ್ಕೆ ಚಿಗುರಿದವು, ಅಷ್ಟೇ.

ತಪ್ಪು ಅವಳದಲ್ಲ. ದಿನವೂ ಐದಕ್ಕೆ ಎದ್ದು, ಅವಳ ಮೈ ತಿಕ್ಕಿ, ಹುರುಳಿ ಇಟ್ಟು ನಾನು ಏಳರ ಬಸ್ಸು ಹಿಡಿಯುತ್ತೇನೆ. ಅವತ್ತು ಪರೀಕ್ಷೆಯ ಗಡಿಬಿಡಿಯಲ್ಲಿ ಹಗ್ಗವನ್ನು ಉದ್ದ ಬಿಟ್ಟು ಕಟ್ಟಿದ್ದೆ.

ಅಮ್ಮ, "ಸುಮ್ನಿರೇ, ಯಾರು ನೋಡಿದ್ರು? ಗೊಬ್ಬರ ಅಂತಾನೇ ಬರಿ" ಅಂದಳು. ಬರೆದೂ ನೋಡಿದೆ. ಆಗಲಿಲ್ಲ.

ಆ ಸಾಲಿನ ಲೆಕ್ಕ ತೆಗೆದುಹಾಕಿ, ಮುಂದಿನ ಬೆಳೆಯಲ್ಲಿ ಮತ್ತೆ ಅಳೆಯಲು ಅನುಮತಿ ಕೊಡಿ. ಪ್ರಬಂಧ ತಡವಾದರೆ ಆಗಲಿ. ಕುದುರೆ ಮಾರಿ ಓದು ಮುಗಿಸು ಎಂದು ನೀವು ಎರಡು ಸಲ ಹೇಳಿದ್ದೀರಿ. ಅದೊಂದನ್ನು ಮಾತ್ರ ಮೂರನೇ ಸಲ ಹೇಳಬೇಡಿ. ತಾತ ಇದ್ದಾಗ ಈ ಸೀಮೆಯ ಮದುಮಕ್ಕಳನ್ನೆಲ್ಲ ಮೆರವಣಿಗೆಯಲ್ಲಿ ಹೊತ್ತವಳು ಅವಳು. ಈಗ ಒಂದು ಕಣ್ಣು ಕಾಣಿಸದು. ನನ್ನ ಹೆಜ್ಜೆ ಸದ್ದು ಕೇಳದೆ ನೀರು ಮುಟ್ಟುವುದಿಲ್ಲ.

ಗುರುವಾರ ತೋಟ ನೋಡಲು ಬರುವಾಗ ದಯವಿಟ್ಟು ಒಂದು ಅಚ್ಚು ಬೆಲ್ಲ ತನ್ನಿ. ಮೆರವಣಿಗೆ ಮುಗಿದ ಮೇಲೆ ಹೆಣ್ಣಿನ ಕಡೆಯವರು ಅವಳಿಗೆ ಬೆಲ್ಲ ತಿನ್ನಿಸುತ್ತಿದ್ದರು. ನೀವು ಉಡುವಂಥ ರೇಷ್ಮೆ ಸೀರೆ ಸರಬರ ಎಂದರೆ ಸಾಕು, ಮದುವೆಯವರು ಬಂದರೆಂದು ಇವತ್ತಿಗೂ ಕೈ ಮೂಸಿ ನೋಡುತ್ತಾಳೆ.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ಗಂಗಾಲಕ್ಷ್ಮಿ