ಸೂಜಿಮೊನೆಯ ಚುಕ್ಕೆ

ನನ್ನ ತಮ್ಮ ನಾಣಿಗೆ, ಚಿಕ್ಕಬಳ್ಳಾಪುರದಿಂದ ನಿನ್ನ ಅಕ್ಕನ ಆಶೀರ್ವಾದ.

ಕೈ ತಾನಾಗಿ ಮೊದಲು ‘ಚಿರಂಜೀವಿ’ ಅಂತ ಬರೆದುಬಿಟ್ಟಿತ್ತು ಕಣೋ. ಶಿಡ್ಲಘಟ್ಟದಲ್ಲಿ ಗಂಡನ ಮನೆಯಲ್ಲಿದ್ದಾಗ ನಿನಗೆ ಬರೆದ ಕಾಗದಗಳೆಲ್ಲ ಹಾಗೇ ಶುರುವಾಗುತ್ತಿದ್ದವಲ್ಲ. ಆ ಹಾಳೆ ಒಲೆಗೆ ಹೋಯಿತು, ಇದು ಇನ್ನೊಂದು ಹಾಳೆ. ನೀನು ಹೋಗಿ ಏಳು ವರ್ಷವಾಯಿತು. ಇಷ್ಟು ದಿನ ಬರೆಯದವಳು ಇವತ್ತು ಯಾಕೆ ಕೂತೆ ಅಂದರೆ, ನಾಳೆ ಬೆಳಿಗ್ಗೆ ನಾನೂ ನಿನ್ನ ಮಗಳು ಸರಸೂನೂ ಬೆಂಗಳೂರಿಗೆ ಹೊರಟಿದ್ದೀವಿ. ಹೊರಡೋ ಮುಂಚೆ ನಿನಗೊಂದು ಮಾತು ಹೇಳಬೇಕು. ಅವಳಿಗೆ ಮಧ್ಯಾಹ್ನವೇ ಹೇಳಿ ಆಯಿತು. ನಿನಗೇ ಮೊದಲು ಹೇಳಬೇಕಾಗಿದ್ದದ್ದು...

ಮೇಜರ್ ಸಾಹೇಬರು ಮೊದಲನೇ ಸಲ ಆ ಕೋಲು ತಂದ ದಿನ ನೆನಪಿದೆಯಾ? ಮಿಲಿಟರಿಯಿಂದ ನಿವೃತ್ತರಾಗಿ ನಂದಿ ಬೆಟ್ಟದ ಬುಡದಲ್ಲಿ ಬಂಗಲೆ ಕಟ್ಟಿಕೊಂಡು, ಮುಂದೆ ಹುಲ್ಲು ಬೆಳೆಸಿ, ಅದಕ್ಕೆ ದಿನಾ ನೀರು ಹಾಯಿಸುತ್ತಿದ್ದ ಪುಣ್ಯಾತ್ಮರು. ಊರವರು ‘ದನ ಇಲ್ಲದ ಮನೇಲಿ ಹುಲ್ಲು ಯಾಕೆ’ ಅಂತ ನಗುತ್ತಿದ್ದರು. ನಮ್ಮ ಮರಗೆಲಸದ ಅಂಗಡಿ ಮುಂದೆ ಜೀಪು ನಿಲ್ಲಿಸಿ ಒಂದು ಮುರಿದ ಕೋಲು ಕೈಗೆ ಕೊಟ್ಟರು. ತುದಿಯಲ್ಲಿ ಹಿತ್ತಾಳೆಯ ಗಟ್ಟಿ ತಲೆ. ನೀನು ತಿರುಗಿಸಿ ಮುರುಗಿಸಿ ನೋಡಿ, “ಇದೇನು ಸ್ವಾಮಿ, ಹಾರೆಗೆ ಹುಟ್ಟಿದ್ದೋ ಊರುಗೋಲಿಗೆ ಹುಟ್ಟಿದ್ದೋ?” ಅಂದೆ. “ಗಾಲ್ಫ್ ಆಟದ್ದಪ್ಪಾ, ಪಟ್ಟರ್ ಅಂತಾರೆ. ಇದರಲ್ಲಿ ಚೆಂಡು ಹೊಡೆಯೋದಲ್ಲ, ಕುಳಿ ತನಕ ಕಳಿಸಿಕೊಡೋದು” ಅಂದರು. “ಮಗಳನ್ನ ಗಂಡನ ಮನೆಗೆ ಕಳಿಸ್ದಂಗೆ ಅನ್ನಿ” ಅಂದೆ ನೀನು. ಅವತ್ತು ಅವರು ನಕ್ಕ ನಗು ನಮ್ಮ ಬೀದಿಗೆಲ್ಲ ಕೇಳಿಸಿತ್ತು.

ದಿಂಡಿಗದ ಮರದಲ್ಲಿ ಹಿಡಿ ಕೆತ್ತಿದ್ದು ನೀನು. ಹಿಡಿಯೂ ಹಿತ್ತಾಳೆಯೂ ಸೇರುವ ಕುತ್ತಿಗೆಗೆ ದಾರ ಸುತ್ತಿದ್ದು ನಾನು. ಗಂಡ ತೀರಿಕೊಂಡು, ತಾಯಿಯಿಲ್ಲದ ಸರಸೂನ ನೋಡಿಕೊಳ್ಳೋಕೆ ನಿನ್ನ ಮನೆಗೆ ಬಂದವಳು ನಾನು, ಬರುವಾಗ ಶಿಡ್ಲಘಟ್ಟದಿಂದ ತಂದಿದ್ದ ಆಸ್ತಿ ಅಂದರೆ ರೇಷ್ಮೆ ಹುರಿಯ ಉಂಡೆ ಒಂದೇ. ಅದಕ್ಕೆ ಮೇಣ ತಿಕ್ಕಿ ಸುತ್ತು ಪಕ್ಕಕ್ಕೆ ಸುತ್ತು ಕೂರಿಸಿದೆ. ಸಾಹೇಬರು ಬೆರಳಾಡಿಸಿ ನೋಡಿ, “ಇದು ಲಂಡನ್ನಲ್ಲೂ ಸಿಗಲ್ಲ” ಅಂದುಬಿಟ್ಟರು. ಆಮೇಲೆ ಬೆಂಗಳೂರಿನ ಅವರ ಸ್ನೇಹಿತರ ಕೋಲುಗಳೆಲ್ಲ ನಮ್ಮ ಜಗಲಿಗೇ ಬಂದವು.

ಜಗಲಿಯ ಮೇಲೆ ನೀನು ಕೋಲು ಪರೀಕ್ಷೆ ಮಾಡುತ್ತಿದ್ದ ಚೆಂದ ಈಗಲೂ ಕಣ್ಣಿಗೆ ಕಟ್ಟಿದೆ. ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಪಟ್ಟರ್ ಇಟ್ಟು ನೇರ ಮೇಲಿಂದ ನೋಡುತ್ತಿದ್ದೆ, ಸುಮ್ಮನೆ, ಬಹಳ ಹೊತ್ತು. “ನೋಡ್ತಾ ನೋಡ್ತಾ ಕೋಲೇ ಮರೆತುಹೋಗ್ಬೇಕು ಕಣಕ್ಕಾ, ಅದು ಒಳ್ಳೇದು. ಕಣ್ಣು ಪದೇ ಪದೇ ಒಂದೇ ಕಡೆ ಹೋಗಿ ನಿಲ್ತಾ ಇದ್ರೆ ಅಲ್ಲೇನೋ ಕೊರೆ ಇದೆ ಅಂತ” ಅನ್ನುತ್ತಿದ್ದೆ. ಆಮೇಲೆ ಒಂದೇ ಬೆರಳ ಮೇಲೆ ಅಡ್ಡ ನಿಲ್ಲಿಸಿ ತಲೆ ಯಾವ ಕಡೆ ವಾಲುತ್ತದೆ ಅಂತ ನೋಡುವುದು. ಆಮೇಲೆ ಕಣ್ಣು ಮುಚ್ಚಿಕೊಂಡು ಚೆಂಡಿಗೆ ಮೆಲ್ಲಗೆ ತಾಗಿಸಿ, ಸದ್ದು ಕೇಳಿ, ಅಂಗೈಗೆ ಬಂದ ಅದುರು ತಿಳಿದುಕೊಳ್ಳುವುದು. ಜಗಲಿಯ ಆ ತುದಿಗೆ ಅಕ್ಕಿ ಅಳೆಯುವ ಪಾವನ್ನು ಮಲಗಿಸಿ ಅದೇ ಕುಳಿ ಅಂತ ಮಾಡಿದ್ದೆವು. ಚೆಂಡು ಉರುಳಿಕೊಂಡು ಹೋಗಿ ಟಣ್ ಅಂತ ಒಳಗೆ ಕೂತರೆ ಸರಸೂ ಚಪ್ಪಾಳೆ. ಒಂದು ಸಲ ನೀನು, “ಏನಕ್ಕಾ, ಅಕ್ಕಿ ಇಲ್ದಿದ್ರೂ ಪಾವು ತುಂಬ್ತಾ ಇದೆ” ಅಂದಿದ್ದೆ.

ಕೊನೇ ಕೆಲಸ ಗೀರು. ಹಿತ್ತಾಳೆ ತಲೆಯ ನೆತ್ತಿ ಮೇಲೆ ಅರದಲ್ಲಿ ಒಂದು ಸಣ್ಣ ಗೆರೆ ಕೊರೆಯಬೇಕು. ಆಡುವವರು ಆ ಗೀರನ್ನು ಕುಳಿಯ ಕಡೆ ನೆಟ್ಟು ಹೊಡೆಯುತ್ತಾರೆ. ಗೀರು ಒಂದು ಕೂದಲೆಳೆ ಬಲಕ್ಕೆ ವಾಲಿದರೆ, ಅದನ್ನು ನಂಬಿ ಹೊಡೆದ ಚೆಂಡು ಎಡಕ್ಕೆ ಹೋಗುತ್ತದೆ. ಗೆರೆ ನೆಟ್ಟಗೆ ಬರೋಕೆ ಮೂಲೆಮಟ್ಟ ಇಟ್ಟು ಕೊರಿ ಅಂದರೆ ನೀನು ಕೇಳುತ್ತಿರಲಿಲ್ಲ. “ಮೂಲೆಮಟ್ಟ ಕೆಲಸ ಕಲಿಯೋರಿಗೆ. ಅಪ್ಪ ನಂಗೆ ಕೊಟ್ಟಿದ್ದು ಕಣ್ಣು.” ಅಪ್ಪನ ಹಾಗೇ ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಗುರಿ ಹಿಡಿದು, ಪೆನ್ಸಿಲ್ಲಲ್ಲಿ ಗುರುತು ಹಾಕಿ, ಒಂದೇ ಉಸಿರಿಗೆ ಕೊರೆಯುತ್ತಿದ್ದೆ.

ಅದು ಯಾವ ದಿನ ಅಂತ ಹೇಳಲಾರೆ. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ, ಅಷ್ಟು ಗೊತ್ತು. ತಲೆಯೆತ್ತಿ ನೋಡಿದರೆ ನೀನು ಬಲಗಣ್ಣು ಮುಚ್ಚಿಕೊಂಡಿದ್ದೆ. ಎಡಗಣ್ಣಲ್ಲಿ ಗುರಿ ನೋಡುತ್ತಿದ್ದೆ. ನಿನಗೇ ಅದು ಗೊತ್ತಿತ್ತೋ ಇಲ್ಲವೋ? ಕೈಯಲ್ಲಿದ್ದ ಕಾಯಿ ಕೈಯಲ್ಲೇ ಇತ್ತು. ಮಾರನೇ ದಿನವೂ ಹಾಗೇ. ಆಮೇಲೆ ನನ್ನ ಕಣ್ಣು ಪದೇ ಪದೇ ಅಲ್ಲೇ ಹೋಗಿ ನಿಲ್ಲತೊಡಗಿತು. ಊಟಕ್ಕೆ ಕೂತರೆ ನೀನು ಬಲಗಡೆ ಇಟ್ಟ ನೀರಿನ ಚೆಂಬನ್ನು ಮೊಣಕೈಯಿಂದ ಉರುಳಿಸುತ್ತಿದ್ದೆ. “ಇಲ್ಯಾಕೆ ಇಟ್ಟೆ” ಅಂತ ನನ್ನ ಮೇಲೇ ಸಿಡುಕುತ್ತಿದ್ದೆ. ನಾನು ಚೆಂಬು ಎಡಕ್ಕೆ ಇಡೋಕೆ ಶುರು ಮಾಡಿದೆ. ನೋಡು, ಅಲ್ಲಿಂದಲೇ ಶುರು ನನ್ನ ತಪ್ಪು.

ನೀನು ಮರ ಕೊಯ್ಸೋಕೆ ಮಿಲ್ಲಿಗೆ ಹೋಗಿದ್ದ ಹೊತ್ತಿಗೆ ಸಾಹೇಬರು ಬಂದಿದ್ದರು. ಇದು ನಿನಗೆ ಗೊತ್ತಿಲ್ಲ. ಮೂರು ಪಟ್ಟರ್‌ಗಳನ್ನು ಜಗಲಿ ಮೇಲೆ ಸಾಲಾಗಿ ಇಟ್ಟರು. “ನೋಡಿಯಮ್ಮಾ, ಮೂರರಲ್ಲೂ ಹೊಡೆದ ಚೆಂಡು ಎಡಕ್ಕೇ ಹೋಗುತ್ತೆ. ಮೂರೂ ಒಂದೇ ಅಷ್ಟು. ಕೈ ತಪ್ಪಿದ್ದಿದ್ರೆ ಒಂದು ಎಡಕ್ಕೆ ಹೋಗ್ಬೇಕಿತ್ತು, ಇನ್ನೊಂದು ಬಲಕ್ಕೆ ಹೋಗ್ಬೇಕಿತ್ತು. ಇದು ಕೈ ತಪ್ಪಲ್ಲ, ಕಣ್ಣು. ಬೆಂಗಳೂರಲ್ಲಿ ದೊಡ್ಡ ಕಣ್ಣಾಸ್ಪತ್ರೆ ಇದೆ, ನನ್ನ ಜೀಪಲ್ಲೇ ಕರ್ಕೊಂಡು ಹೋಗ್ತೀನಿ. ಹೇಳಿ ಅವನಿಗೆ.” ನಾನು “ಹೇಳ್ತೀನಿ ಸ್ವಾಮಿ” ಅಂದೆ.

ಹೇಳಲಿಲ್ಲ. ಯಾಕೆ ಅಂತ ಕೇಳು. ಆ ವಾರವೇ ಪೇಟೆ ಬೀದಿಯ ಹೊಸ ಮನೆಗೆ ಹೆಬ್ಬಾಗಿಲ ಚೌಕಟ್ಟು ನಿಲ್ಲಿಸೋಕೆ ನಿನ್ನನ್ನು ಕರೆದಿದ್ದರು. ಬಾಗಿಲು ನಿಲ್ಲಿಸೋ ಪೂಜೆಗೆ ಕಣ್ಣು ಊನವಾದ ಆಚಾರಿಯನ್ನು ಯಾರು ಕರೆದಾರು? ಹಿಂದಿನ ಬೀದಿಯ ಮುದುಕಪ್ಪನ ಒಂದು ಕಣ್ಣಿಗೆ ಪೊರೆ ಬಂದಿದ್ದಕ್ಕೆ ಜನ ಎದುರು ಸಿಕ್ಕರೂ ಅಪಶಕುನ ಅಂತ ಪಕ್ಕಕ್ಕೆ ಸರಿಯುತ್ತಿದ್ದದ್ದು ನಾನು ನೋಡಿದ್ದೆ. ಅಪ್ಪ ಕೊಟ್ಟ ಕಣ್ಣು ಅಂತ ಬೀಗುತ್ತಿದ್ದವನಿಗೆ ಆ ಕಣ್ಣೇ ಹೋಗ್ತಾ ಇದೆ ಅಂತ ಯಾವ ಬಾಯಲ್ಲಿ ಹೇಳಲಿ? ಆಯ್ತು, ನೀನು ನೋಡದೇ ಇದ್ದಾಗ ನಾನೇ ನೋಡಿದರಾಯ್ತು ಅಂದುಕೊಂಡೆ.

ನೀನು ಸ್ನಾನಕ್ಕೆ ಹೋದಾಗ ಮೂಲೆಮಟ್ಟ ತೆಗೆದು ಪಟ್ಟರ್ ತಲೆಗೆ ಹಿಡಿದು, ಸರಿಯಾದ ಗೆರೆ ಎಲ್ಲಿ ಬರಬೇಕೋ ಅದರ ಎರಡು ತುದಿಗೂ ದಬ್ಬಳದ ಸೂಜಿಯಿಂದ ಒಂದೊಂದು ಚುಕ್ಕೆ ಕುಟ್ಟಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ. ಅರ ತಾನಾಗಿ ಅದಕ್ಕೆ ಸಿಕ್ಕಿಕೊಂಡು ನೆಟ್ಟಗೆ ಓಡುತ್ತಿತ್ತು. ನೀನು ಹಿಂದಕ್ಕೆ ಸರಿದು ಗೀರು ನೋಡಿ ಹುಬ್ಬು ಗಂಟು ಹಾಕುತ್ತಿದ್ದೆ, ಸರಿಯಿಲ್ಲವೇನೋ ಅನ್ನುವ ಹಾಗೆ. ಚೆಂಡು ಮಾತ್ರ ಟಣ್ ಅಂತ ಪಾವಿಗೆ ಬೀಳುತ್ತಿತ್ತು. ನಿನ್ನ ಕಣ್ಣು ನಿನಗೆ ನಿಜವನ್ನೇ ಹೇಳೋಕೆ ಬಂದಿತ್ತು ನಾಣಿ, ನಾನು ಅದರ ಬಾಯಿ ಮುಚ್ಚಿಸಿದೆ. ತಿಂಗಳು ಕಳೆದ ಮೇಲೆ ಸಾಹೇಬರು ದಾರಿಯಲ್ಲಿ ಸಿಕ್ಕರು. “ಈಗ ಎಲ್ಲಾ ನೆಟ್ಟಗಿದೆಯಮ್ಮಾ. ಕಣ್ಣು ತೋರಿಸಿದ್ರಾ?” ಅಂದರು. ನಾನು ಹೂಂ ಅಂತ ತಲೆ ಆಡಿಸಿದೆ.

ಆ ಕೊನೇ ಬೆಳಿಗ್ಗೆ ನೀನು ಕೋಲನ್ನು ತೊಡೆ ಮೇಲೆ ಇಟ್ಟುಕೊಂಡು ಹೆಬ್ಬೆರಳಿಂದ ತಲೆ ಸವರುತ್ತಿದ್ದೆ. ಬೆರಳು ಒಂದು ಕಡೆ ನಿಂತಿತು.

“ಅಕ್ಕಾ, ಇಲ್ಲೊಂದು ಗುಳಿ ಇದೆ. ಇನ್ನೂ ನಾನು ಅರಾನೇ ಮುಟ್ಟಿಸಿಲ್ಲ.”

“ಮೊದಲಿಂದ ಇತ್ತೇನೋ.”

“ಈ ಕಡೇನೂ ಒಂದಿದೆ. ನೆಟ್ಟಗೆ ಇದರ ಎದುರಿಗೆ. ಯಾರಿಟ್ಟಿದ್ದು?”

ಅಲ್ಲಿ, ಆ ಹೊತ್ತಲ್ಲಿ, ನಾನು ಬಾಯಿ ಬಿಟ್ಟಿದ್ದರೆ... ಒಲೆಯ ಕಡೆ ತಿರುಗಿಕೊಂಡು, “ಸಾಹೇಬರೇ ಗುರುತು ಹಾಕಿ ಕಳಿಸಿರ್ಬೇಕು ಕಣೋ” ಅಂದೆ.

ನೀನು ಎರಡು ಗುಳಿಗೂ ಇನ್ನೊಂದು ಸಲ ಬೆರಳಿಟ್ಟು ನೋಡಿದೆ. “ಅಂದ್ರೆ ನನ್ನ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಹೋಗಿದೆ. ಬಾಯಲ್ಲಿ ಹೇಳ್ದೆ ಸೂಜೀಲಿ ಹೇಳ್ತಾ ಇದ್ದಾರೆ. ಹೋಗಿ ಕೇಳ್ಕೊಂಡೇ ಬರ್ತೀನಿ.” ಗೀರು ಕೊರೆಯದ ಆ ಪಟ್ಟರನ್ನು ನನ್ನ ಹಳೇ ಸೀರೆ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದೆ. “ಮುದ್ದೆ ಆಗಿದೆ, ತಿಂದು ಹೋಗೋ” ಅಂದೆ ನಾನು. “ಬಂದು ತಿಂತೀನಿ” ಅಂದೆ ನೀನು. ಮುದ್ದೆ ತಟ್ಟೆಯಲ್ಲೇ ಆರಿತು.

ಬಂಗಲೆಗೆ ಹೋಗುವ ಕಾಲುದಾರಿಯಲ್ಲಿ, ಬಲಗಡೆಗೆ, ಆ ಹೊಲದ ಬಾವಿ. ಸುತ್ತ ಕಟ್ಟೆ ಇತ್ತು, ನೂರು ಸಲ ನೀನು ಅದರ ಪಕ್ಕದಲ್ಲೇ ನಡೆದಿದ್ದೆ. ಹಿಂದಿನ ದಿನವಷ್ಟೇ ಪಂಪ್‌ಸೆಟ್ ಇಳಿಸೋಕೆ ಅಂತ ದಾರಿ ಕಡೆಯ ಕಟ್ಟೆ ಒಡೆದಿದ್ದರಂತೆ. ಜನ ಕಾಲು ಜಾರಿತು ಅಂದರು. ನಾನು ಆಮೇಲೆ ಹೋಗಿ ನೋಡಿದೆ. ಒದ್ದೆ ಮಣ್ಣಲ್ಲಿ ಜಾರಿದ ಗುರುತೇ ಇರಲಿಲ್ಲ. ನಿನ್ನ ಹೆಜ್ಜೆಗಳು, ಅವಸರವಿಲ್ಲದೆ, ಒಂದರ ಮುಂದೆ ಒಂದು, ಅಂಚಿನ ತನಕ. ಬಟ್ಟೆ ಸುತ್ತಿದ ಕೋಲು ದಡದ ಮೇಲೆ ಬಿದ್ದಿತ್ತು. ಹಟ್ಟಹಗಲು ನಾಣಿ. ಹನ್ನೊಂದು ಗಂಟೆಯ ಬಿಸಿಲು. ಎಡಗಣ್ಣಿಗೆ ಎಲ್ಲ ಕಂಡಿರುತ್ತದೆ, ಬೆಟ್ಟ, ಬಂಗಲೆ, ಹುಲ್ಲು. ಬಲಕ್ಕಿದ್ದದ್ದು ಮಾತ್ರ...

ಸಾಹೇಬರು ಹೆಣದ ಮುಂದೆ ನಿಂತು, “ಕಣ್ಣು ಸರಿಹೋಗಿತ್ತಲ್ಲಮ್ಮಾ” ಅಂತ ಕೇಳಿದಂತೆ ನನ್ನನ್ನೊಮ್ಮೆ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ. ಆ ಕೋಲನ್ನು ವಾಪಸು ಕೊಡಿ ಅಂತಲೂ ಯಾವತ್ತೂ ಕೇಳಲಿಲ್ಲ. ಅದು ಅಟ್ಟದ ಮೇಲೇ ಇತ್ತು, ಇವತ್ತಿನವರೆಗೂ.

ಇವತ್ತು ಬೆಳಿಗ್ಗೆ ಸರಸೂ ರವಿಕೆ ಹೊಲಿಯೋಕೆ ಕೂತಿದ್ದಳು. ಹತ್ತೊಂಬತ್ತು ತುಂಬಿತು ಅವಳಿಗೆ, ನಿನ್ನದೇ ಹುಬ್ಬು, ನಿನ್ನದೇ ಕುಚೋದ್ಯ. ಸೂಜಿಗೆ ದಾರ ಪೋಣಿಸುವಾಗ ಮುಖ ಒಂದಿಷ್ಟು ಓರೆ ಮಾಡಿ ಬಲಗಣ್ಣು ಮುಚ್ಚಿಕೊಂಡಳು. “ಯಾಕೇ ಹಾಗೆ ಮಾಡ್ತೀಯ?” ಅಂದರೆ, “ಹೀಗೆ ಮಾಡಿದ್ರೆ ಸಲೀಸು ಅತ್ತೆ. ವಯಸ್ಸು ನಿಮಗಾಗಿದೆ, ಕನ್ನಡಕ ನಂಗೆ ಬರಂಗಿದೆ” ಅಂತ ನಕ್ಕಳು. ಮಧ್ಯಾಹ್ನ ಅಟ್ಟ ಹತ್ತಿ ಆ ಪಟ್ಟರ್ ಇಳಿಸಿದೆ. ಲೀಟರು ಕಿಲೋ ಬಂದ ಮೇಲೆ ಮೂಲೆ ಸೇರಿದ್ದ ಪಾವನ್ನೂ ಹುಡುಕಿ ತಂದೆ. ನನ್ನ ಎರಡು ಚುಕ್ಕೆಗಳ ನಡುವೆ ಮಸಿಯಲ್ಲಿ ಗೆರೆ ಎಳೆದು, ಅದು ನೆಟ್ಟಗೆ ಪಾವಿನ ಬಾಯಿ ನೋಡುವ ಹಾಗೆ ಚಪ್ಪಡಿ ಸಂದಿನ ಮೇಲೆ ಇಟ್ಟು, ಅವಳನ್ನು ಮೇಲೆ ನಿಲ್ಲಿಸಿದೆ.

“ಗೆರೆ ಎಲ್ಲಿಗೆ ಹೋಗ್ತಾ ಇದೆ ಹೇಳಮ್ಮಾ.”

“ಪಾವಿಗಲ್ಲ ಅತ್ತೆ. ಎಡಕ್ಕೆ, ಆ ಕಂಬದ ಕಡೆ. ಸರಿಯಾಗಿ ಇಡೋಕೂ ಬರಲ್ವಾ ನಿಮಗೆ?”

ಅಷ್ಟೇ. ನೆಟ್ಟಗಿದ್ದ ಗೀರು ನಿನಗೂ ಹೀಗೇ ಓರೆಯಾಗಿ ಕಂಡಿದ್ದದ್ದು. ಜಗಲಿ ಮೇಲೆ ಕೂತು ಅವಳಿಗೆ ಎಲ್ಲಾ ಹೇಳಿದೆ. ಚೆಂಬು, ಚುಕ್ಕೆ, ತಲೆಯಾಡಿಸಿದ್ದು, ಒಲೆ ಕಡೆ ತಿರುಗಿಕೊಂಡಿದ್ದು, ಒಂದೂ ಬಿಡದೆ. ಅವಳು ಪಟ್ಟರಿನ ಕುತ್ತಿಗೆಯ ರೇಷ್ಮೆ ದಾರವನ್ನು ಸವರುತ್ತಾ ಕೇಳಿಸಿಕೊಂಡಳು. ಕೊನೆಗೆ, “ಅಪ್ಪಂಗೆ ಗೊತ್ತಾಗ್ಲೇ ಇಲ್ವಾ?” ಅಂದಳು. ಇಲ್ಲ ಅಂದೆ. “ನಂಗೆ ಯಾಕೆ ಹೇಳಿದ್ರಿ?” ಅಂದಳು. ನಾನು ಹೇಳೋ ಮುಂಚೆಯೇ ಎದ್ದು ಹೋಗಿ, ಬೆಂಗಳೂರಿಗೆ ಅಂತ ಅವಳೇ ಟ್ರಂಕಿನಿಂದ ಎರಡು ಸೀರೆ ತೆಗೆದಿಟ್ಟಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಮಾತಾಡದಿದ್ದರೂ ಪರವಾಗಿಲ್ಲ.

ಮುಂದೆ ಏನಿದೆಯೋ ಗೊತ್ತಿಲ್ಲ ನಾಣಿ. ಬಲಗಣ್ಣಿನ ಹಿಂದೆಯೇ ಎಡಗಣ್ಣೂ ಹೋಗುತ್ತದೋ, ಇನ್ನೂ ಸಮಯ ಇದೆಯೋ, ಕಣ್ಣಾಸ್ಪತ್ರೆಯವರು ಏನು ಹೇಳುತ್ತಾರೋ. ಏನೇ ಹೇಳಲಿ, ಅದು ಮೊದಲು ಅವಳ ಕಿವಿಗೇ ಬೀಳಲಿ ಅಂತ ನಾನು ಹೊರಗೆ ನಿಲ್ಲುತ್ತೇನೆ. ಅವಳಿಗಾಗಿ ಚೆಂಬನ್ನು ಎಡಕ್ಕೆ ಇಡೋದಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿಯೋಕೆ ಕೆರೆ ಏರಿ ಮೇಲೆ ನಡೆದು ಹೋಗಬೇಕು. ನೀರು ಬಲಕ್ಕೆ ಬರುತ್ತದೆ. ಆ ಕಡೆ ನಾನು ನಡೆಯುತ್ತೇನೆ.

ನಿನ್ನ ಅಕ್ಕ